ಎರಡು ಪುಟಗಳ ಮೇಲೆ ಒಂದು ಚಿತ್ರ: ನಿಯತಕಾಲಿಕದ ಜೋಡಿಪುಟ ವಿನ್ಯಾಸ

ಪತ್ರಿಕೆಯನ್ನು ಬಿಡಿಸಿದಾಗ ಎಡ ಬಲ ಎರಡೂ ಪುಟಗಳನ್ನು ಆವರಿಸಿದ ಚಿತ್ರ ಓದುಗರಿಗೆ ಒಂದೇ ಹಾಳೆಯಂತೆ ಕಾಣುತ್ತದೆ. ಮುದ್ರಕರ ಕಣ್ಣಿಗೆ ಅದು ಬಹುಮಟ್ಟಿಗೆ ಎರಡು ಬೇರೆ ಹಾಳೆಗಳ ಎರಡು ತುದಿಗಳು. ನಡುವೆ ಪಿನ್ ಹೊಡೆದ 32 ಪುಟಗಳ ಪತ್ರಿಕೆಯೊಂದರ ಪಿನ್ ಬಿಚ್ಚಿ ನೋಡಿದರೆ, 8ನೇ ಪುಟದ ಜೊತೆ ಒಂದೇ ಹಾಳೆಯಲ್ಲಿರುವುದು 9ನೇ ಪುಟವಲ್ಲ, 25ನೆಯದು. 9ರ ಜೊತೆಗಿರುವುದು 24. ಎದುರುಬದುರಾಗಿದ್ದು ಒಂದೇ ಹಾಳೆಯಲ್ಲೂ ಇರುವ ಜೋಡಿ 16 ಮತ್ತು 17 ಮಾತ್ರ. ಉಳಿದ ಜೋಡಿಗಳಲ್ಲೆಲ್ಲ ಚಿತ್ರದ ಎರಡು ಭಾಗಗಳು ಬೇರೆಬೇರೆಯಾಗಿ ಅಚ್ಚಾಗಿ, ಮಡಿಕೆಗೊಂಡು, ಕೊನೆಗೆ ಬೈಂಡಿಂಗ್‌ನಲ್ಲಿ ಸಂಧಿಸುತ್ತವೆ. ಅಲ್ಲಿ ಒಂದು ಮಿಲಿಮೀಟರ್ ಹೆಚ್ಚುಕಡಿಮೆಯಾಗುವುದು, ಒಂದು ಭಾಗದ ಬಣ್ಣ ಇನ್ನೊಂದಕ್ಕಿಂತ ಕೊಂಚ ಗಾಢವಾಗುವುದು ಸಹಜ. ಹೀಗಾಗಿ ಜೋಡಿಪುಟದ ವಿನ್ಯಾಸವನ್ನು ನಡುವಿನ ಮಡಿಕೆಯಿಂದಲೇ ಆರಂಭಿಸಬೇಕು ಎಂಬುದು ನನ್ನ ನಿಲುವು. ಕೆಳಗಿನ ಹಂತಗಳೆಲ್ಲವೂ ಆ ಗೆರೆಯನ್ನು ಲೆಕ್ಕದಲ್ಲಿಟ್ಟುಕೊಂಡೇ ಸಾಗುತ್ತವೆ.

ಪುಟದ ಅಳತೆಯನ್ನು ಎ4, ಅಂದರೆ 210 × 297 ಮಿ.ಮೀ. ಎಂದು ಇಟ್ಟುಕೊಂಡಿದ್ದೇನೆ. ವಿವರಣೆ ಮುಖ್ಯವಾಗಿ ಫೋಟೊಶಾಪ್‌ಗೆ ಸಂಬಂಧಿಸಿದ್ದು. ಉಚಿತವಾಗಿ ಸಿಗುವ ಗಿಂಪ್‌ನಲ್ಲಿ ದಾರಿ ಬೇರೆಯಾಗುವ ಕಡೆ ಅದನ್ನೂ ಹೇಳಿದ್ದೇನೆ.

ಕಂಪ್ಯೂಟರ್ ತೆರೆಯುವ ಮೊದಲು

ಒಂದು ಹಾಳೆಯನ್ನು ನಡುವೆ ಮಡಿಚಿ, ಬಿಡಿಸಿ, ಪೆನ್ಸಿಲ್‌ನಲ್ಲಿ ನಾಲ್ಕಾರು ಸಣ್ಣ ಕರಡುಗಳನ್ನು ಬರೆಯಿರಿ. ಚಿತ್ರ ಎಲ್ಲಿ, ಶೀರ್ಷಿಕೆ ಎಲ್ಲಿ, ಲೇಖನದ ಪಠ್ಯ ಎಷ್ಟು ಕಾಲಂ ಎಂಬಷ್ಟು ತೋರಿದರೆ ಸಾಕು. ಪರದೆಯ ಮೇಲೆ ನೇರವಾಗಿ ಕೆಲಸ ಆರಂಭಿಸಿದವರು ಮಡಿಕೆಯನ್ನು ಬೇಗ ಮರೆಯುತ್ತಾರೆ, ಏಕೆಂದರೆ ಪರದೆಯಲ್ಲಿ ಮಡಿಕೆ ಎಂಬುದೇ ಇರುವುದಿಲ್ಲ.

ಇದೇ ಹೊತ್ತಿಗೆ ಮುದ್ರಣಾಲಯದಿಂದ ನಾಲ್ಕು ಸಂಗತಿಗಳನ್ನು ಕೇಳಿ ತಿಳಿದುಕೊಳ್ಳಬೇಕು: ಪತ್ರಿಕೆ ಪಿನ್ ಹೊಡೆದದ್ದೋ, ಬೆನ್ನಿಗೆ ಅಂಟು ಹಾಕುವ ಪರ್ಫೆಕ್ಟ್ ಬೈಂಡಿಂಗ್‌ನದ್ದೋ, ಬ್ಲೀಡ್ (ಕತ್ತರಿಸುವ ಗೆರೆಯ ಆಚೆಗೂ ಚಾಚಿಕೊಂಡಿರುವ ಚಿತ್ರದ ಅಂಚು) ಎಷ್ಟು ಬೇಕು, ಯಾವ ಕಲರ್ ಪ್ರೊಫೈಲ್ (ಆ ಪ್ರೆಸ್‌ನಲ್ಲಿ ಬಣ್ಣ ಹೇಗೆ ಮೂಡುತ್ತದೆ ಎಂಬ ವಿವರದ ಕಡತ) ಬಳಸಬೇಕು, ಫೈಲ್‌ಗಳು ಬಿಡಿ ಪುಟಗಳಾಗಿ ಬೇಕೋ, ಜೋಡಿಯಾಗಿಯೇ ಬೇಕೋ. ಪಿನ್ ಹೊಡೆದ ಪತ್ರಿಕೆ ಬಹುಮಟ್ಟಿಗೆ ಪೂರ್ತಿಯಾಗಿ ತೆರೆದುಕೊಳ್ಳುತ್ತದೆ. ಅಂಟು ಹಾಕಿದ ಪತ್ರಿಕೆಯಲ್ಲಿ ಪ್ರತಿ ಪುಟದ ಒಳ ಅಂಚಿನ ಕೆಲವು ಮಿಲಿಮೀಟರ್ ಬೆನ್ನಿನೊಳಗೆ ಅಡಗುತ್ತದೆ. ಪತ್ರಿಕೆ ದಪ್ಪವಾದಷ್ಟೂ ಅಡಗುವ ಭಾಗ ಹೆಚ್ಚುತ್ತದೆ. ಈ ಉತ್ತರಗಳಿಲ್ಲದೆ ಮಾಡಿದ ವಿನ್ಯಾಸವನ್ನು ಆಮೇಲೆ ತಿದ್ದುವುದೆಂದರೆ ಹೆಚ್ಚುಕಡಿಮೆ ಹೊಸದಾಗಿ ಮಾಡಿದಷ್ಟೇ ಕೆಲಸ.

ಚಿತ್ರದ ಆಯ್ಕೆ

ಒಳ್ಳೆಯ ಚಿತ್ರವೆಲ್ಲವೂ ಜೋಡಿಪುಟಕ್ಕೆ ಒಗ್ಗುವುದಿಲ್ಲ. ಮುಖ್ಯ ವಸ್ತು ನಟ್ಟನಡುವೆ ಇರುವ ಚಿತ್ರ ಇಲ್ಲಿ ತೀರಾ ಅಪಾಯಕಾರಿ. ವ್ಯಕ್ತಿಯ ಮೂಗು, ಕಣ್ಣು, ಬೆರಳು ಬೆನ್ನಿನೊಳಗೆ ಸೇರಿಹೋಗುತ್ತವೆ. ನಮಗೆ ಬೇಕಾದುದು ವಸ್ತು ಒಂದು ಪಕ್ಕಕ್ಕಿದ್ದು ಇನ್ನೊಂದು ಪಕ್ಕ ಬಿಡುವಾಗಿರುವ ಚಿತ್ರ. ಉದಾಹರಣೆಗೆ, ಮಂಜು ಕವಿದ ಸರೋವರದ ಎಡಭಾಗದಲ್ಲಿ ಒಂದು ದೋಣಿ, ಬಲಕ್ಕೆಲ್ಲ ಶಾಂತವಾದ ನೀರು ಇರುವ ಫೋಟೊ ನಮ್ಮಲ್ಲಿದೆ ಎಂದುಕೊಳ್ಳೋಣ. ದೋಣಿ ಎಡಪುಟದಲ್ಲಿ ಉಳಿಯುತ್ತದೆ, ನೀರು ಮಡಿಕೆಯನ್ನು ದಾಟಿ ಬಲಪುಟಕ್ಕೆ ಹರಿಯುತ್ತದೆ, ಅದರ ಮೇಲೆ ಶೀರ್ಷಿಕೆ ಮತ್ತು ಪಠ್ಯಕ್ಕೆ ಜಾಗ ಸಿಗುತ್ತದೆ. ಮಡಿಕೆಯನ್ನು ದಾಟುವ ಗೆರೆಗಳನ್ನೂ ಗಮನಿಸಬೇಕು. ಓರೆಯಾದ ಹಗ್ಗ, ಕಟ್ಟಡದ ಅಂಚು, ಸ್ಪಷ್ಟವಾದ ದಿಗಂತ ಇವು ಒಂದು ಮಿಲಿಮೀಟರ್ ಪಲ್ಲಟವನ್ನೂ ಬಯಲಿಗೆಳೆಯುತ್ತವೆ. ಮಂಜು, ಮೋಡ, ಎಲೆಗಳ ರಾಶಿ, ನೀರು ಅದನ್ನು ಮುಚ್ಚಿಕೊಳ್ಳುತ್ತವೆ.

ನಂತರದ್ದು ರೆಸಲ್ಯೂಷನ್ ಲೆಕ್ಕ. ಜೋಡಿಪುಟ 420 × 297 ಮಿ.ಮೀ.; ಸುತ್ತ 3 ಮಿ.ಮೀ. ಬ್ಲೀಡ್ ಸೇರಿದರೆ 426 × 303 ಮಿ.ಮೀ. ಒಂದು ಇಂಚಿಗೆ 25.4 ಮಿ.ಮೀ.ಯಂತೆ ಅಗಲ ಸುಮಾರು 16.77 ಇಂಚು. ಚಿತ್ರದ ಅಗಲವನ್ನು ಪಿಕ್ಸೆಲ್‌ಗಳಲ್ಲಿ ತೆಗೆದುಕೊಂಡು 16.77ರಿಂದ ಭಾಗಿಸಿದರೆ ಕಾಗದದ ಮೇಲೆ ಅದಕ್ಕೆ ದಕ್ಕುವ ಪಿಪಿಐ, ಅಂದರೆ ಇಂಚಿಗೆ ಎಷ್ಟು ಪಿಕ್ಸೆಲ್ ಎಂಬುದು, ಗೊತ್ತಾಗುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ 6000 × 4000 ಪಿಕ್ಸೆಲ್ ಚಿತ್ರವನ್ನು ಈ ಪ್ರಮಾಣಕ್ಕೆ ಕತ್ತರಿಸಿದರೆ ಅಗಲ ಸುಮಾರು 5620 ಪಿಕ್ಸೆಲ್ ಉಳಿದು 335 ಪಿಪಿಐ ಸಿಗುತ್ತದೆ, ಅದು ಧಾರಾಳ. 12 ಮೆಗಾಪಿಕ್ಸೆಲ್ ಫೋನಿನ 4000 ಪಿಕ್ಸೆಲ್ ಅಗಲದ ಚಿತ್ರ ಸುಮಾರು 238 ಪಿಪಿಐ ಕೊಡುತ್ತದೆ, ನಿಭಾಯಿಸಬಹುದು. ಅಂತರ್ಜಾಲದಿಂದ ಇಳಿಸಿದ 1200 ಪಿಕ್ಸೆಲ್‌ನ ಚಿತ್ರಕ್ಕೆ 72 ಪಿಪಿಐ ಕೂಡ ದಕ್ಕುವುದಿಲ್ಲ. ಗುರಿ 300 ಎಂದಿರಲಿ. 200ಕ್ಕಿಂತ ಕೆಳಗಿಳಿಯುವ ಚಿತ್ರವನ್ನು ಎಳೆದು ಹಿಗ್ಗಿಸುವ ಬದಲು ಒಂದೇ ಪುಟಕ್ಕೆ ಇಳಿಸುವುದು ಲೇಸು. ರೆಸಲ್ಯೂಷನ್ ಪೆಟ್ಟಿಗೆಯಲ್ಲಿ 300 ಎಂದು ಬರೆದ ಮಾತ್ರಕ್ಕೆ ಇಲ್ಲದ ವಿವರ ಚಿತ್ರಕ್ಕೆ ಬಂದು ಸೇರುವುದಿಲ್ಲ.

ಕಡತ ಮತ್ತು ಗೈಡ್‌ಗಳು

ಫೈಲ್ ಮೆನುವಿನ ನ್ಯೂ ಆಯ್ಕೆಯಲ್ಲಿ ಅಗಲ 426 ಮಿ.ಮೀ., ಎತ್ತರ 303 ಮಿ.ಮೀ., ರೆಸಲ್ಯೂಷನ್ 300, ಕಲರ್ ಮೋಡ್ ಸಿಎಂವೈಕೆ (ಮುದ್ರಣದ ನಾಲ್ಕು ಶಾಯಿಗಳ ಬಣ್ಣವ್ಯವಸ್ಥೆ), 8 ಬಿಟ್ ಎಂದು ಕೊಡಿ. ಸುಧಾರಿತ ಆಯ್ಕೆಗಳಲ್ಲಿ ಪ್ರೆಸ್ ಹೇಳಿದ ಕಲರ್ ಪ್ರೊಫೈಲ್ ಆರಿಸಿ. ಕಡತ ಸುಮಾರು 5031 × 3579 ಪಿಕ್ಸೆಲ್ ಆಗುತ್ತದೆ; ಲೇಯರ್‌ಗಳು ಸೇರುವ ಮುನ್ನವೇ 72 ಎಂಬಿಯಷ್ಟು ಭಾರ. ಗಿಂಪ್ ಮೂಲತಃ ಆರ್‌ಜಿಬಿಯಲ್ಲೇ, ಅಂದರೆ ಪರದೆಯ ಕೆಂಪು ಹಸಿರು ನೀಲಿ ಬಣ್ಣವ್ಯವಸ್ಥೆಯಲ್ಲೇ, ಕೆಲಸ ಮಾಡುವ ತಂತ್ರಾಂಶ. ಅದರಲ್ಲಿ ಇದೇ ಅಳತೆಯ ಆರ್‌ಜಿಬಿ ಕಡತ ತೆರೆದು, ಪ್ರೆಸ್‌ನ ಪ್ರೊಫೈಲ್ ಅನ್ನು ಸಾಫ್ಟ್ ಪ್ರೂಫ್‌ಗೆ (ಮುದ್ರಣದ ಬಣ್ಣವನ್ನು ಪರದೆಯಲ್ಲೇ ತೋರಿಸುವ ನೋಟಕ್ಕೆ) ಜೋಡಿಸಿಕೊಂಡು ಮುಂದುವರಿಯಬೇಕು.

ಈಗ ಗೈಡ್‌ಗಳು, ಅಂದರೆ ಪರದೆಯಲ್ಲಷ್ಟೇ ಕಾಣುವ, ಅಚ್ಚಾಗದ ಗುರುತುಗೆರೆಗಳು. ಇದು ಬೇಸರ ತರುವ ಕೆಲಸವೆಂದು ಹಲವರು ಕಣ್ಣಳತೆಯಲ್ಲಿ ಮುಗಿಸುತ್ತಾರೆ, ಆದರೆ ಇಲ್ಲಿ ಕೊಟ್ಟ ಹತ್ತು ನಿಮಿಷ ಮುಂದಿನ ಪ್ರತಿ ಹಂತದಲ್ಲೂ ಮರಳಿ ಸಿಗುತ್ತದೆ. ವ್ಯೂ ಮೆನುವಿನಲ್ಲಿ ನ್ಯೂ ಗೈಡ್ ಆಯ್ಕೆಗೆ ಹೋಗಿ ಒಂದೊಂದೇ ಅಳತೆಯನ್ನು ಟೈಪ್ ಮಾಡಿ. ಮೊದಲನೆಯದು ಮಡಿಕೆ: ಲಂಬವಾಗಿ 213 ಮಿ.ಮೀ. ನಂತರ ಕತ್ತರಿಸುವ ಗೆರೆಗಳು: ಲಂಬವಾಗಿ 3 ಮತ್ತು 423, ಅಡ್ಡವಾಗಿ 3 ಮತ್ತು 300. ಹೊರ ಮಾರ್ಜಿನ್ 15, ಒಳ ಮಾರ್ಜಿನ್ 20, ಮೇಲೆ 18, ಕೆಳಗೆ 22 ಮಿ.ಮೀ. ಎಂದು ಇಟ್ಟುಕೊಂಡರೆ, ಪ್ರತಿ ಪುಟದಲ್ಲೂ 5 ಮಿ.ಮೀ. ಅಂತರವಿರುವ ಮೂರು ಕಾಲಂಗಳು ತಲಾ 55 ಮಿ.ಮೀ. ಅಗಲದಲ್ಲಿ ಕೂರುತ್ತವೆ. ಎಡಪುಟದ ಕಾಲಂಗಳು 18ರಿಂದ 73, 78ರಿಂದ 133, 138ರಿಂದ 193. ಬಲಪುಟದವು 233ರಿಂದ 288, 293ರಿಂದ 348, 353ರಿಂದ 408. ಪಠ್ಯದ ಮೇಲಂಚು 21, ಕೆಳ ಅಂಚು 278. ಗೈಡ್‌ಗಳನ್ನು ಲಾಕ್ ಮಾಡಿ. ಒಳ ಮಾರ್ಜಿನ್ ಹೊರಗಿನದಕ್ಕಿಂತ ಹೆಚ್ಚಿರುವುದು ಬೈಂಡಿಂಗ್‌ಗಾಗಿ; ಪತ್ರಿಕೆ ದಪ್ಪವಾಗಿದ್ದು ಅಂಟು ಹಾಕಿದ್ದಾದರೆ ಅದನ್ನು ಇನ್ನೂ ಎರಡು ಮೂರು ಮಿಲಿಮೀಟರ್ ಹೆಚ್ಚಿಸಿ, ಕಾಲಂಗಳನ್ನು ಆ ಲೆಕ್ಕಕ್ಕೆ ತುಸು ಕಿರಿದಾಗಿಸಿ.

ಮಡಿಕೆಯ ಎರಡೂ ಬದಿಗೆ 6 ಮಿ.ಮೀ. ದೂರದಲ್ಲಿ, ಅಂದರೆ 207 ಮತ್ತು 219ರಲ್ಲಿ, ಇನ್ನೆರಡು ಗೈಡ್ ಎಳೆಯುವುದು ನನ್ನ ರೂಢಿ. ಈ ಪಟ್ಟಿಯೊಳಗೆ ಏನಿದ್ದರೂ ಅದನ್ನು ಕಳೆದುಕೊಳ್ಳಲು ಸಿದ್ಧವಾಗಿಯೇ ಇಟ್ಟದ್ದು ಎಂದು ನನಗೆ ನಾನೇ ಹೇಳಿಕೊಳ್ಳುವ ಗುರುತು ಅದು.

ಚಿತ್ರವನ್ನು ಕೂರಿಸುವುದು

ಫೋಟೊವನ್ನು ಪ್ಲೇಸ್ ಎಂಬೆಡೆಡ್ ಮೂಲಕ ತನ್ನಿ. ಅದು ಸ್ಮಾರ್ಟ್ ಆಬ್ಜೆಕ್ಟ್ ಆಗಿ ಬರುತ್ತದೆ. ಚಿಕ್ಕದು ಮಾಡಿ ಮತ್ತೆ ದೊಡ್ಡದು ಮಾಡಿದರೂ ಮೂಲದ ವಿವರ ಹಾಳಾಗುವುದಿಲ್ಲ, ಹೊರಗಿನ ಕಡತ ಸಿಎಂವೈಕೆ ಆಗಿದ್ದರೂ ಒಳಗಿನ ಫೋಟೊ ಆರ್‌ಜಿಬಿಯಾಗಿಯೇ ಉಳಿಯುತ್ತದೆ. ಗಿಂಪ್‌ನಲ್ಲಾದರೆ ಮೂಲ ಲೇಯರ್‌ನ ಒಂದು ಪ್ರತಿಯನ್ನು ಮರೆಮಾಡಿ ಇಟ್ಟುಕೊಳ್ಳಿ. ಚಿತ್ರ ನಾಲ್ಕೂ ಕಡೆ ಬ್ಲೀಡ್‌ನ ತುದಿಯನ್ನು ಮುಟ್ಟಲೇಬೇಕು, ಕತ್ತರಿಸುವ ಗೆರೆಗೇ ನಿಂತರೆ ಸಾಲದು. ಕತ್ತರಿ ಅರ್ಧ ಮಿಲಿಮೀಟರ್ ಹೊರಗೆ ಬಿದ್ದರೂ ಅಂಚಿನಲ್ಲಿ ಬಿಳಿ ಗೀರು ಉಳಿಯುತ್ತದೆ.

ನಮ್ಮ ದೋಣಿಯನ್ನು ಎಡಪುಟದ ನಡುಭಾಗಕ್ಕೆ, ಅಂದರೆ 90ರಿಂದ 150 ಮಿ.ಮೀ.ಗಳ ನಡುವೆ ತಂದು ನಿಲ್ಲಿಸಿ. ದೋಣಿಯ ಮೂತಿ ಬಲಕ್ಕೆ, ಅಂದರೆ ಲೇಖನದ ಕಡೆಗೆ ತಿರುಗಿದ್ದರೆ ಓದುಗರ ಕಣ್ಣು ತಾನಾಗಿ ಅತ್ತ ಸಾಗುತ್ತದೆ. ಮೂತಿ ಎಡಕ್ಕಿದ್ದರೆ ಚಿತ್ರವನ್ನು ಕನ್ನಡಿಯಂತೆ ತಿರುಗಿಸುವ ಆಸೆ ಬರುತ್ತದೆ. ಅಕ್ಷರಗಳು, ಗಡಿಯಾರ, ಅಂಗಿಯ ಗುಂಡಿಗಳು ಆ ಕಳ್ಳತನವನ್ನು ಹೇಳಿಬಿಡುತ್ತವೆ. ಅದಕ್ಕಿಂತ ಪಠ್ಯವನ್ನೇ ಎಡಕ್ಕೆ, ದೋಣಿಯನ್ನು ಬಲಕ್ಕೆ ಇಡುವುದು ಸರಿ. ಪಕ್ಕದಲ್ಲಿ ಜಾಗ ಕಡಿಮೆ ಬಿದ್ದರೆ ನೀರನ್ನೋ ಆಕಾಶವನ್ನೋ ಕಂಟೆಂಟ್ ಅವೇರ್ ಫಿಲ್ ಅಥವಾ ಕ್ಲೋನ್ ಸ್ಟ್ಯಾಂಪ್‌ನಿಂದ ವಿಸ್ತರಿಸಬಹುದು. ಆದರೆ ಚಿತ್ರ ಸುದ್ದಿಯದ್ದಾದರೆ ಕೂಡದು: ಕ್ಯಾಮೆರಾ ಕಾಣದಿದ್ದ ನೆಲವನ್ನು ಸುದ್ದಿಚಿತ್ರಕ್ಕೆ ಸೇರಿಸುವುದು ಓದುಗರಿಗೆ ಹೇಳುವ ಸುಳ್ಳು. ಅಲ್ಲಿ ಬಿಳಿ ಜಾಗ ಬಿಟ್ಟು ವಿನ್ಯಾಸವನ್ನು ಬದಲಿಸಿಕೊಳ್ಳಬೇಕು.

ಬಣ್ಣ, ಕಪ್ಪು, ಚೂಪು

ಸ್ಮಾರ್ಟ್ ಆಬ್ಜೆಕ್ಟ್ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ ಒಳಗಿನ ಆರ್‌ಜಿಬಿ ಚಿತ್ರದಲ್ಲೇ ಬೆಳಕು ಮತ್ತು ಬಣ್ಣವನ್ನು ಅಡ್ಜಸ್ಟ್‌ಮೆಂಟ್ ಲೇಯರ್‌ಗಳ ಮೂಲಕ ತಿದ್ದಿ. ಕರ್ವ್ಸ್ ಒಂದರಿಂದಲೇ ಅರ್ಧ ಕೆಲಸ ಆಗುತ್ತದೆ. ಹೊಳೆಯುವ ನೀಲಿ, ಎಳೆಹಸಿರು, ಕಿತ್ತಳೆ ಬಣ್ಣಗಳು ಮುದ್ರಣದ ಶಾಯಿಗೆ ಎಟುಕದೆ ಮಂಕಾಗುತ್ತವೆ. ಹೊರಗಿನ ಸಿಎಂವೈಕೆ ಕಡತಕ್ಕೆ ಮರಳಿದಾಗ ಆ ಮಂಕು ಕಣ್ಣಿಗೆ ಬೀಳುತ್ತದೆ. ತಿದ್ದುತ್ತಿರುವಾಗಲೇ ನೋಡಬೇಕೆಂದರೆ, ಒಳಗಿನ ಕಡತದಲ್ಲಿ ಪ್ರೂಫ್ ಕಲರ್ಸ್ ಅನ್ನು ಕಂಟ್ರೋಲ್ ಮತ್ತು ವೈ ಕೀಲಿಗಳಿಂದ ಚಾಲೂ ಮಾಡಿಕೊಳ್ಳಬಹುದು. ಈ ನಷ್ಟವನ್ನು ಪ್ರೆಸ್‌ನಲ್ಲಿ ಕಂಡು ಬೆಚ್ಚುವ ಬದಲು ಇಲ್ಲೇ ಕಂಡು ಒಪ್ಪಿಕೊಳ್ಳುವುದು, ಇಲ್ಲವೇ ಸ್ಯಾಚುರೇಷನ್ ತುಸು ಇಳಿಸಿ ವಿವರವನ್ನು ಉಳಿಸಿಕೊಳ್ಳುವುದು ಒಳ್ಳೆಯದು.

ಕಪ್ಪಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು, ಏಕೆಂದರೆ ಪರದೆಯಲ್ಲಿ ಬೇರೆಬೇರೆ ಕಪ್ಪುಗಳು ಹೆಚ್ಚುಕಡಿಮೆ ಒಂದೇ ಆಗಿ ಕಾಣುತ್ತವೆ. ಆರ್‌ಜಿಬಿಯ ಅಚ್ಚ ಕಪ್ಪನ್ನು ಬಹಳ ಕಾಲ ಫೋಟೊಶಾಪ್‌ನ ರೂಢಿಯ ಪ್ರೊಫೈಲ್ ಆಗಿದ್ದ ಯುಎಸ್ ವೆಬ್ ಕೋಟೆಡ್ ಸ್ವಾಪ್‌ಗೆ ಬದಲಿಸಿದರೆ ಅದು ಸಯಾನ್ 75, ಮಜೆಂಟಾ 68, ಹಳದಿ 67, ಕಪ್ಪು 90 ಆಗುತ್ತದೆ; ಒಟ್ಟು ಶಾಯಿ 300 ಪ್ರತಿಶತ. ಚಿತ್ರದ ನೆರಳಿಗೆ ಇದು ಸರಿ. ಆದರೆ ಲೇಖನದ ಸಣ್ಣ ಅಕ್ಷರಗಳು ಹೀಗೆ ನಾಲ್ಕು ಶಾಯಿಗಳಲ್ಲಿ ಅಚ್ಚಾದರೆ ಒಂದು ಶಾಯಿ ಕೂದಲೆಳೆಯಷ್ಟು ಸರಿದರೂ ಅಂಚುಗಳಲ್ಲಿ ಬಣ್ಣದ ನೆರಳು ಮೂಡುತ್ತದೆ. ಪಠ್ಯದ ಬಣ್ಣ ಕಪ್ಪು 100, ಉಳಿದ ಮೂರೂ ಸೊನ್ನೆ ಆಗಿರಬೇಕು. ಈ ಪಠ್ಯ ಚಿತ್ರದ ಮೇಲೆ ಬೀಳುವಲ್ಲಿ ಆ ಲೇಯರ್‌ನ ಬ್ಲೆಂಡ್ ಮೋಡ್ ಅನ್ನು ಮಲ್ಟಿಪ್ಲೈಗೆ ಬದಲಿಸಿ. ಆಗ ಅಕ್ಷರದ ಅಡಿಯ ಬಣ್ಣ ಹಾಗೆಯೇ ಉಳಿದು, ಶಾಯಿ ಸರಿದರೂ ಅಂಚಿನಲ್ಲಿ ಬಿಳಿ ಗೀಟು ಕಾಣಿಸಿಕೊಳ್ಳುವುದಿಲ್ಲ. ಇದಕ್ಕೆ ವಿರುದ್ಧವಾಗಿ, ದೊಡ್ಡ ಕಪ್ಪು ಹಿನ್ನೆಲೆ ಬೇಕಾದಾಗ ಬರೀ ಕಪ್ಪು 100 ಬೂದಿಯಂತೆ ಕಾಣುತ್ತದೆ. ಅದಕ್ಕೆ ಸಯಾನ್ 60, ಮಜೆಂಟಾ 40, ಹಳದಿ 40 ಸೇರಿಸಿದರೆ ಕಪ್ಪಿಗೆ ಆಳ ಬರುತ್ತದೆ. ಒಟ್ಟು ಶಾಯಿ ಪ್ರೆಸ್ ಹೇಳಿದ ಮಿತಿಯನ್ನು ಮೀರದಂತೆ ಇನ್ಫೊ ಪ್ಯಾನೆಲ್‌ನಲ್ಲಿ ಟೋಟಲ್ ಇಂಕ್ ಆಯ್ಕೆ ಇಟ್ಟು ನೆರಳಿನ ಭಾಗಗಳನ್ನು ಪರೀಕ್ಷಿಸಿ.

ಚೂಪುಗೊಳಿಸುವುದು ಕೊನೆಗೆ, ಚಿತ್ರ ತನ್ನ ಅಂತಿಮ ಅಳತೆಗೆ ಬಂದ ಮೇಲೆ. ಅನ್‌ಶಾರ್ಪ್ ಮಾಸ್ಕ್‌ನಲ್ಲಿ 100 ಪ್ರತಿಶತ, 1ರಿಂದ 1.5 ಪಿಕ್ಸೆಲ್ ರೇಡಿಯಸ್ ಒಳ್ಳೆಯ ಆರಂಭ. ಪರದೆಯಲ್ಲಿ ತುಸು ಹೆಚ್ಚಾಯಿತು ಅನ್ನಿಸುವ ಚೂಪು ಕಾಗದದ ಮೇಲೆ ಹದವಾಗಿ ಬರುತ್ತದೆ.

ಶೀರ್ಷಿಕೆ

ಶೀರ್ಷಿಕೆ ಒಂದೇ ಪುಟದೊಳಗೆ ಮುಗಿದರೆ ಯಾವ ತೊಂದರೆಯೂ ಇಲ್ಲ. ಆದರೂ ಎರಡು ಪುಟಗಳನ್ನು ಬೆಸೆಯಲು ಶೀರ್ಷಿಕೆಯನ್ನೇ ಸೇತುವೆಯಾಗಿ ಬಳಸುವ ಆಕರ್ಷಣೆ ದೊಡ್ಡದು. ಹಾಗೆ ಮಾಡುವಾಗ ಮಡಿಕೆ ಎರಡು ಪದಗಳ ನಡುವಿನ ತೆರವಿನಲ್ಲೇ ಬೀಳಬೇಕು. ಅಕ್ಷರದ ಮೇಲಂತೂ ಬೀಳಲೇಬಾರದು. ಕನ್ನಡದಲ್ಲಿ ದೀರ್ಘದ ಗುರುತು, ಕೊಂಬು, ಅನುಸ್ವಾರ ಇವೆಲ್ಲ ಅಕ್ಷರದ ಬಲಕ್ಕೆ ಬರುವುದರಿಂದ, ಮಡಿಕೆಗೆ ತೀರ ಹತ್ತಿರದಲ್ಲಿ ನಿಲ್ಲಿಸಿದ ‘ಕೀ’ ಓದುಗರಿಗೆ ‘ಕಿ’ ಆಗಿ ಕಾಣಬಹುದು. ಪ್ರತಿ ಪುಟದ ಪದಗಳನ್ನು ಪ್ರತ್ಯೇಕ ಪಠ್ಯ ಲೇಯರ್‌ಗಳಾಗಿ ಇಟ್ಟು, 207 ಮತ್ತು 219ರ ಗೈಡ್‌ಗಳಿಂದ ಹೊರಗೆ ನಿಲ್ಲಿಸಿ, ನಂತರ ಆ ತೆರವು ಉಳಿದ ಪದಗಳ ನಡುವಿನ ತೆರವಿಗೆ ಸಮನಾಗಿ ಕಾಣುವಂತೆ ಸರಿಹೊಂದಿಸಿ. ಬೈಂಡಿಂಗ್ ಒಂದಿಷ್ಟನ್ನು ನುಂಗುವುದರಿಂದ ಪರದೆಯಲ್ಲಿ ಅದು ತುಸು ಹೆಚ್ಚಾಗಿಯೇ ಕಾಣಬೇಕು.

60ರಿಂದ 80 ಪಾಯಿಂಟ್‌ನ ಶೀರ್ಷಿಕೆ ಇಂಥ ಚಿತ್ರವನ್ನು ತಾಳಿಕೊಳ್ಳುತ್ತದೆ. ಹಿನ್ನೆಲೆ ಗಲಿಬಿಲಿಯಾಗಿದ್ದರೆ ಅಕ್ಷರಕ್ಕೆ ನೆರಳು, ಹೊಳಪು, ದಪ್ಪ ಅಂಚು ಹಾಕುವುದು ಸುಲಭದ ದಾರಿ. ಅದು ಕಾಣುವುದೂ ಹಾಗೆಯೇ. ಅದರ ಬದಲು ಪಠ್ಯದ ಅಡಿಗೆ ಒಂದು ಗ್ರೇಡಿಯೆಂಟ್ ಲೇಯರ್ ಹಾಕಿ, ಮಲ್ಟಿಪ್ಲೈ ಮೋಡ್‌ನಲ್ಲಿ 30ರಿಂದ 50 ಪ್ರತಿಶತ ಅಪಾರದರ್ಶಕತೆಗೆ ಇಳಿಸಿ. ನೀರು ಅಲ್ಲಿ ಸಹಜವಾಗಿಯೇ ಗಾಢವಾಗಿದೆ ಎನ್ನಿಸುವಷ್ಟು ಸಾಕು.

ಲೇಖನದ ಪಠ್ಯ

ಕನ್ನಡವನ್ನು ಫೋಟೊಶಾಪ್‌ನಲ್ಲಿ ಹಾಕುವವರ ಮೊದಲ ಗೋಳು ಒಡೆದ ಒತ್ತಕ್ಷರಗಳು. ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ ವರ್ಲ್ಡ್ ರೆಡಿ ಲೇಔಟ್ ಆರಿಸಿ, ಯೂನಿಕೋಡ್ ಫಾಂಟ್ ಬಳಸಿದರೆ ಇದು ಸರಿಹೋಗುತ್ತದೆ. ಹಳೆಯ ಆವೃತ್ತಿಗಳಲ್ಲಿ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ದಕ್ಷಿಣ ಏಷ್ಯಾದ ಭಾಷೆಗಳ ಪಠ್ಯ ಎಂಜಿನ್ ಅನ್ನೂ ಆರಿಸಬೇಕಾಗುತ್ತದೆ. ಗಿಂಪ್‌ನಲ್ಲಿ ಈ ತಾಪತ್ರಯವಿಲ್ಲ.

ಸಾಲುಗಳ ಅಂತರವನ್ನು ರೋಮನ್ ಲಿಪಿಯ ಲೆಕ್ಕದಲ್ಲಿ ಇಡಬಾರದು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಡಿಸು ಮೇಲೇರುತ್ತದೆ. ಅಂತರ ಸಾಲದಿದ್ದರೆ ‘ಸ್ತ್ರೀ’ಯಂಥ ಅಕ್ಷರ ಕೆಳಗಿನ ಸಾಲನ್ನು ತಟ್ಟುತ್ತದೆ. 10.5 ಪಾಯಿಂಟ್ ಅಕ್ಷರಕ್ಕೆ 15 ಪಾಯಿಂಟ್ ಅಂತರ ಹಿತವಾಗಿರುತ್ತದೆ. 55 ಮಿ.ಮೀ. ಕಾಲಂನಲ್ಲಿ ಒಂದು ಸಾಲಿಗೆ ನಾಲ್ಕೈದು ಪದಗಳಷ್ಟೇ ಹಿಡಿಯುತ್ತವೆ. ಕನ್ನಡದ ಪದಗಳು ಉದ್ದ. ಎರಡೂ ಅಂಚನ್ನು ಸಮ ಮಾಡಲು ಹೋದರೆ ಪದಗಳ ನಡುವೆ ಹೊಂಡಗಳು ಬಿದ್ದು ಕಾಲಂ ತುಂಬ ಬಿಳಿಯ ತೊರೆಗಳು ಹರಿಯುತ್ತವೆ. ಎಡ ಅಂಚನ್ನು ಮಾತ್ರ ಸಮ ಮಾಡಿ, ಬಲವನ್ನು ಅದರ ಪಾಡಿಗೆ ಬಿಡುವುದೇ ಇಂಥ ಕಿರಿದಾದ ಕಾಲಂಗೆ ಚೆಂದ. ಒಂದು ಪೂರ್ಣ ಕಾಲಂನಲ್ಲಿ 48 ಸಾಲು, ಅಂದರೆ ಸುಮಾರು 200 ಪದ ಹಿಡಿಯುತ್ತದೆ. ಲೇಖಕರಿಗೆ ಈ ಸಂಖ್ಯೆಯನ್ನು ಮೊದಲೇ ತಿಳಿಸಿದರೆ ಕೊನೆಯ ಗಳಿಗೆಯಲ್ಲಿ ಅಕ್ಷರಗಳನ್ನು ಕುಗ್ಗಿಸುವ ಪ್ರಸಂಗ ಬರುವುದಿಲ್ಲ.

ಟೈಪ್ ಟೂಲ್‌ನಿಂದ ಕಾಲಂನ ಗೈಡ್‌ಗಳ ಉದ್ದಕ್ಕೂ ಚೌಕ ಎಳೆದು ಪಠ್ಯ ಅಂಟಿಸಿ. ಒಂದು ಚೌಕದಿಂದ ಇನ್ನೊಂದಕ್ಕೆ ಪಠ್ಯ ತಾನಾಗಿ ಹರಿಯುವ ಸೌಲಭ್ಯ ಇಲ್ಲಿ ಇಲ್ಲದ ಕಾರಣ ಪ್ರತಿ ಕಾಲಂನ ಕೊನೆಯನ್ನು ಕೈಯಿಂದಲೇ ಕಡಿದು ಮುಂದಿನದಕ್ಕೆ ಒಯ್ಯಬೇಕು. ಇದೇ ಕಾರಣಕ್ಕೆ, ಪಠ್ಯ 300 ಪದಗಳನ್ನು ಮೀರಿದರೆ ಚಿತ್ರ ಮತ್ತು ಹಿನ್ನೆಲೆಯನ್ನಷ್ಟೇ ಇಲ್ಲಿ ಮುಗಿಸಿ, ಅಕ್ಷರಗಳನ್ನು ಇನ್‌ಡಿಸೈನ್ ಅಥವಾ ಉಚಿತವಾದ ಸ್ಕ್ರೈಬಸ್‌ನಂಥ ಪುಟವಿನ್ಯಾಸದ ತಂತ್ರಾಂಶದಲ್ಲಿ ಜೋಡಿಸಿ ಎಂಬುದು ನನ್ನ ಖಚಿತ ಸಲಹೆ. ಗಿಂಪ್ ಬಳಸುವವರಿಗೆ ಇದು ಇನ್ನೂ ಅಗತ್ಯ: ಅಲ್ಲಿ ಪಠ್ಯವೂ ಚಿತ್ರದ ಜೊತೆ ಪಿಕ್ಸೆಲ್‌ಗಳಾಗಿ ಹೊರಬಂದರೆ 300 ಪಿಪಿಐನಲ್ಲಿ ಸಣ್ಣ ಅಕ್ಷರಗಳ ಅಂಚು ಒರಟಾಗುತ್ತದೆ.

ಗಾಢ ಚಿತ್ರದ ಮೇಲೆ ಬಿಳಿ ಅಕ್ಷರ ಬಳಸುವುದಾದರೆ ಗಾತ್ರವನ್ನು ಒಂದು ಪಾಯಿಂಟ್ ಹೆಚ್ಚಿಸಿ, ದಪ್ಪ ಫಾಂಟ್ ಆರಿಸಿ. ಶಾಯಿ ಹರಡಿ ಸಣ್ಣ ಒತ್ತಕ್ಷರಗಳ ಹೊಟ್ಟೆ ತುಂಬಿಕೊಳ್ಳುತ್ತದೆ. ಫೋಟೊದ ಅಡಿಬರಹ 8.5 ಪಾಯಿಂಟ್‌ಗಿಂತ ಕೆಳಗಿಳಿಯದಿರಲಿ. ಪುಟಸಂಖ್ಯೆ ಎಡಕ್ಕೆ ಸಮ, ಬಲಕ್ಕೆ ಬೆಸ.

ಪ್ರೆಸ್‌ಗೆ ಸಿದ್ಧಪಡಿಸುವುದು

ಲೇಯರ್‌ಗಳಿರುವ ಮೂಲ ಕಡತವನ್ನು ಹಾಗೆಯೇ ಕಾಪಾಡಿ, ಅದರ ಎರಡು ಪ್ರತಿ ಮಾಡಿಕೊಳ್ಳಿ. ಎಡಪುಟದ ಪ್ರತಿಯಲ್ಲಿ ಕ್ಯಾನ್ವಾಸ್ ಸೈಜ್‌ಗೆ ಹೋಗಿ ಲಂಗರನ್ನು (ಆಂಕರ್ ಆಯ್ಕೆಯನ್ನು) ಎಡಕ್ಕಿಟ್ಟು ಅಗಲವನ್ನು 216 ಮಿ.ಮೀ.ಗೆ ಇಳಿಸಿ, ಬಲಪುಟದಲ್ಲಿ ಲಂಗರು ಬಲಕ್ಕಿರಲಿ, ಅಗಲ ಅಷ್ಟೇ. ಪ್ರತಿ ಪುಟವೂ 216 × 303 ಮಿ.ಮೀ. ಆಗಿ, ಒಳ ಅಂಚಿನಲ್ಲೂ ಎದುರುಪುಟದ 3 ಮಿ.ಮೀ. ಚಿತ್ರ ಬ್ಲೀಡ್ ಆಗಿ ಉಳಿಯುತ್ತದೆ.

ಅಂಟಿನ ಬೈಂಡಿಂಗ್ ಆಗಿದ್ದರೆ ಇನ್ನೊಂದು ಕೆಲಸವಿದೆ. ಪ್ರತಿ ಪುಟದಲ್ಲಿ 4 ಮಿ.ಮೀ. ಬೆನ್ನಿನೊಳಗೆ ಅಡಗುತ್ತದೆ ಎಂದು ಪ್ರೆಸ್ ಹೇಳಿದೆ ಎಂದುಕೊಳ್ಳಿ. ಏನೂ ಮಾಡದಿದ್ದರೆ ಚಿತ್ರದ ನಡುವಿನ 8 ಮಿ.ಮೀ. ಮಾಯವಾಗಿ, ದಿಗಂತವೂ ಅಲೆಗಳೂ ಹಠಾತ್ತನೆ ಕತ್ತರಿಸಿದಂತೆ ಕಾಣುತ್ತವೆ. ಕ್ಯಾನ್ವಾಸ್ ಕತ್ತರಿಸುವ ಮುನ್ನ ಎಡಪುಟದ ಪ್ರತಿಯಲ್ಲಿ ಚಿತ್ರದ ಲೇಯರ್ ಅನ್ನು 4 ಮಿ.ಮೀ. ಎಡಕ್ಕೆ, ಬಲಪುಟದ ಪ್ರತಿಯಲ್ಲಿ 4 ಮಿ.ಮೀ. ಬಲಕ್ಕೆ ಸರಿಸಿ. ಆಗ ಅಡಗುವ ಭಾಗದಲ್ಲಿ ಚಿತ್ರ ಎರಡು ಸಲ ಬಂದು, ಕಾಣುವ ಭಾಗಗಳು ಸರಿಯಾಗಿ ಕೂಡುತ್ತವೆ. ಹೊರ ಅಂಚಿನಲ್ಲಿ 4 ಮಿ.ಮೀ. ಕಳೆದುಹೋಗುತ್ತದೆ, ಅಲ್ಲಿ ಮುಖ್ಯವಾದದ್ದೇನೂ ಇರದಂತೆ ನೋಡಿಕೊಳ್ಳಿ. ಪಠ್ಯದ ಲೇಯರ್‌ಗಳನ್ನು ಸರಿಸಬಾರದು.

ಫೋಟೊಶಾಪ್ ಪಿಡಿಎಫ್ ಆಗಿ ಉಳಿಸುವಾಗ ಪಠ್ಯದ ಲೇಯರ್‌ಗಳನ್ನು ಚಿತ್ರದೊಂದಿಗೆ ಒಂದುಗೂಡಿಸಬೇಡಿ. ಹಾಗೆಯೇ ಬಿಟ್ಟರೆ ಅಕ್ಷರಗಳು ಚೂಪಾದ ರೇಖೆಗಳಾಗಿ ಉಳಿಯುತ್ತವೆ. ಪ್ರೆಸ್ ಬೇರೇನೂ ಕೇಳದಿದ್ದರೆ ಪಿಡಿಎಫ್/ಎಕ್ಸ್-4 ಎಂಬ ಮುದ್ರಣದ ಮಾನದಂಡವನ್ನು ಆರಿಸಿ. ಹಳೆಯ ವ್ಯವಸ್ಥೆಯ ಪ್ರೆಸ್ ಪಿಡಿಎಫ್/ಎಕ್ಸ್-1ಎ ಕೇಳಬಹುದು. ಫೈಲ್‌ನ ಹೆಸರಿನಲ್ಲಿ ಪುಟಸಂಖ್ಯೆ ಇರಲಿ, ಜೊತೆಗಿನ ಟಿಪ್ಪಣಿಯಲ್ಲಿ ಕತ್ತರಿಸಿದ ಅಳತೆ 210 × 297, ಬ್ಲೀಡ್ 3 ಎಂದು ಬರೆಯಿರಿ.

ಕಳುಹಿಸುವ ಮುನ್ನ ಎರಡೂ ಪುಟಗಳನ್ನು ನೂರು ಪ್ರತಿಶತ ಅಳತೆಯಲ್ಲಿ ಎ4ಗಿಂತ ದೊಡ್ಡ ಹಾಳೆಗಳ ಮೇಲೆ ಮುದ್ರಿಸಿ, ಗೆರೆಗೆ ಸರಿಯಾಗಿ ಕತ್ತರಿಸಿ. ಪಿನ್ ಹೊಡೆಯುವ ಪತ್ರಿಕೆಯಾದರೆ ಒಳ ಅಂಚುಗಳನ್ನು ಒಂದಕ್ಕೊಂದು ತಾಗಿಸಿ ಹಿಂದಿನಿಂದ ಟೇಪ್ ಹಚ್ಚಿ. ಅಂಟಿನದ್ದಾದರೆ ಒಳ ಅಂಚಿನ 4 ಮಿ.ಮೀ.ಯನ್ನು ಹಿಂದಕ್ಕೆ ಮಡಿಚಿ, ಮಡಿಕೆಗೆ ಮಡಿಕೆ ತಾಗಿಸಿ ಹಚ್ಚಿ. ಅದನ್ನು ಒಂದು ಹಳೆಯ ಪತ್ರಿಕೆಯ ನಡುವೆ ಇಟ್ಟು, ಓದುವ ದೂರದಲ್ಲಿ ಹಿಡಿದು ತೆರೆಯಿರಿ. ಶೀರ್ಷಿಕೆಯ ಪದಗಳ ನಡುವಿನ ತೆರವು, ದೋಣಿಯ ಮೂತಿ, ಒಳ ಮಾರ್ಜಿನ್‌ನ ಸಾಲುಗಳು, ಈ ಮೂರನ್ನು ಬೆನ್ನಿನ ಬಾಗಿನಲ್ಲಿ ನೋಡಿ. ತಿದ್ದಬೇಕಾದದ್ದು ಸಿಕ್ಕರೆ ಬಿಡಿ ಪುಟಗಳಲ್ಲಿ ತೇಪೆ ಹಾಕದೆ ಮೂಲ ಕಡತದಲ್ಲೇ ತಿದ್ದಿ, ಎರಡೂ ಪುಟಗಳನ್ನು ಮತ್ತೆ ಹೊರತೆಗೆಯಿರಿ.